ಚೆರಿ ಮರದ ಪೆಟ್ಟಿಗೆಗೆ ನಾನು ಹಚ್ಚಿದ್ದು

ಹಲಗೆಯನ್ನು ಜೀಪಿನಿಂದ ಇಳಿಸಿಕೊಂಡು ಬಂದವರು ಬಾಳೂರಿನ ಅಮ್ಮ. ಅವರ ತವರುಮನೆ ನಮ್ಮ ಆಲ್ದೂರಿನ ಪಕ್ಕದಲ್ಲೇ. ಆ ಮನೆಯ ಬೀಟೆ ಮಂಚ, ಕನ್ನಡಿ ಬೀರು ಎಲ್ಲಕ್ಕೂ ಪಾಲಿಶ್ ಹೊಡೆದವನು ನಾನೇ. ಆ ಗುರುತಿನ ಮೇಲೆ ಬಸ್‌ಸ್ಟ್ಯಾಂಡಿನ ಹಿಂದಿರುವ ನನ್ನ ಶೆಡ್ಡಿಗೆ ಬಂದಿದ್ದರು. ಗೋಣಿಯಲ್ಲಿ ಸುತ್ತಿದ್ದ ಹಲಗೆ ಮೂರಡಿ ಉದ್ದ, ಒಂದು ಮೊಳ ಅಗಲ. ಹಳೇ ಪಾಲಿಶ್ ಕಪ್ಪುಗಟ್ಟಿ ಕೂತಿತ್ತು.

"ಇದು ಯಾವ ಮರ, ಗೊತ್ತಾಯ್ತಾ ನಿಮಗೆ?" ಅಂತ ಕೇಳಿದರು.

ಉಗುರಿನಿಂದ ಕೆರೆದು ನೋಡಿದೆ. ಬೀಟೆಯಲ್ಲ, ಸಾಗುವಾನಿಯಲ್ಲ, ಹಲಸಂತೂ ಅಲ್ಲವೇ ಅಲ್ಲ. ಗೊತ್ತಿಲ್ಲ ಅನ್ನುವ ಮಾತು ನನ್ನ ಬಾಯಿಗೆ ಸುಲಭಕ್ಕೆ ಬರುವುದಿಲ್ಲ. "ಯಾವುದೋ ಕಾಡುಜಾತಿ" ಅಂದುಬಿಟ್ಟೆ.

"ಚೆರಿ ಮರ ಅಂತೆ. ಬಿಳಿ ದೊರೆಗಳು ಬಂಗಲೆ ಖಾಲಿ ಮಾಡುವಾಗ ನಮ್ಮ ಮಾವನವರು ತಗೊಂಡ ಊಟದ ಮೇಜು. ಕಾಲೆಲ್ಲ ಗೆದ್ದಲು ತಿಂದು ಹೋಯ್ತು. ಇದೊಂದೇ ಹಲಗೆ ಉಳಿದಿರೋದು."

ನನಗೆ ನಗು ಬಂತು. ನಮ್ಮ ಕಡೆ ಚೆರಿ ಅಂದರೆ ಹಣ್ಣು ಸಮೇತ ಅಂಗಳದಲ್ಲಿ ಒಣಗಿಸಿದ ಕಾಫಿ. ಹಣ್ಣಿನ ಸಿಪ್ಪೆ ಸುಲಿದು, ತೊಳೆದು, ಜೋಪಾನವಾಗಿ ಒಣಗಿಸಿದರೆ ಅದು ಪಾರ್ಚ್‌ಮೆಂಟ್. ಮೊದಲನೆಯದು ಸುಲಭದ ದಾರಿ, ಎರಡನೆಯದು ಮೈಮುರಿಯುವ ಕೆಲಸ. ಅಮ್ಮನ ಮನೆಯಲ್ಲಿ ತಲೆಮಾರುಗಳಿಂದ ಚೆರಿಯೇ. ತೋಟದ ಯಜಮಾನಿಕೆ ಅವರ ಗಂಡನ ಅಣ್ಣನದು. ಗಂಡ ಅಣ್ಣ ಹಾಕಿದ ಗೆರೆ ದಾಟುವವರಲ್ಲ. ಆ ವರ್ಷ ಅಮ್ಮ ಹಟ ಹಿಡಿದು, ಒಂದೇ ಒಂದು ಸೀಸನ್ನು ನನಗೆ ಬಿಟ್ಟುಕೊಡಿ ಎಂದು ಭಾವನ ಹತ್ತಿರ ಕೇಳಿದ್ದರಂತೆ. ಹೊಳೆ ಬದಿಯದ್ದು, ಗುಡ್ಡದ ನೆತ್ತಿಯದ್ದು, ಹಳೇ ಗಿಡಗಳ ಪಟ್ಟೆಯದ್ದು ಎಂದು ಮೂರು ಭಾಗ ಬೇರೆ ಬೇರೆ ಕುಯ್ಲು ಮಾಡಿಸಿ, ತಾವೇ ನಿಂತು ಪಾರ್ಚ್‌ಮೆಂಟ್ ಮಾಡಿಸಿದ್ದರು. ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಯಾರಿಗೆ ಬೇಕಾದರೂ ಮಾರಬಹುದು ಅಂತಾಗಿ ಆಗಿನ್ನೂ ಕೆಲವೇ ವರ್ಷವಾಗಿತ್ತು. ಚಿಕ್ಕಮಗಳೂರಿನಲ್ಲಿ ಕಾಫಿಯ ರುಚಿ ನೋಡಿ ದರ್ಜೆ ಹೇಳುವವರೊಬ್ಬರ ಹತ್ತಿರ ಹೊರದೇಶದ ಕೊಳ್ಳುವವರು ಬರುವವರಿದ್ದರು.

"ಅಲ್ಲಿ ನನ್ನ ಕಾಫಿ ಪಾಸಾದ್ರೆ ಮುಂದಿನ ವರ್ಷದಿಂದ ಕಾಫಿ ಸುಲಿದು ಒಣಗಿಸೋ ಕೆಲಸವೆಲ್ಲ ನನ್ನ ಕೈಗೆ. ಇಲ್ಲಾಂದ್ರೆ ಮತ್ತೆ ಈ ಮಾತೇ ಎತ್ತಬಾರದು ಅಂದಿದ್ದಾರೆ ಭಾವ" ಎಂದರು ಅಮ್ಮ. "ಎಲ್ಲರೂ ಪ್ಲಾಸ್ಟಿಕ್ ಕವರಲ್ಲಿ ಸ್ಯಾಂಪಲ್ ತರ್ತಾರೆ. ನನಗೆ ಇದರಲ್ಲಿ ಮೂರು ಖಾನೆಯ ಪೆಟ್ಟಿಗೆ ಮಾಡಿಕೊಡಿ. ಹೆಂಗಸಿನ ಕಾಫಿ ಅಂತ ಮೂಲೆಗೆ ತಳ್ಳಬಾರದು, ನೋಡಿ, ಅಷ್ಟೇ."

ಹೊರಟವರು ಜೀಪಿನ ಹತ್ತಿರದಿಂದ ತಿರುಗಿ ಬಂದು ಇನ್ನೊಂದು ಮಾತು ಹೇಳಿದರು. "ವಾಸನೆ ಬರೋದು ಏನೂ ಹಚ್ಚಬೇಡಿ. ಹೊಟ್ಟು ಬಿಡಿಸಿ ಬೇಳೆ ತೆಗೆದ ಕಾಫಿ ಪಕ್ಕದಲ್ಲಿ ಏನಿಟ್ರೂ ಹೀರ್ಕೊಳ್ತದೆ. ಈರುಳ್ಳಿ ಇಟ್ರೆ ಈರುಳ್ಳಿ, ಸೋಪು ಇಟ್ರೆ ಸೋಪು."

"ನನಗೇ ಹೇಳ್ತೀರಾ ಅಮ್ಮಾ?" ಅಂದೆ. ಅಹಂಕಾರ ಅಂದರೆ ಅದೇ.

ಪೆಟ್ಟಿಗೆ ಕಟ್ಟುವುದು ಮೂರು ದಿನದ ಕೆಲಸ. ಕೀಸುಳಿ ಹಾಕಿದೊಡನೆ ಕಪ್ಪೆಲ್ಲ ಎದ್ದುಹೋಗಿ ಒಳಗಿಂದ ತೆಳು ಗುಲಾಬಿ ಬಣ್ಣದ ಮರ ಹೊರಬಿತ್ತು. ಎಳೆ ಎಷ್ಟು ಸಣ್ಣದೆಂದರೆ ಬೆರಳಿಗೆ ಸಿಗುತ್ತಿರಲಿಲ್ಲ. ಮೂಲೆಗಳಿಗೆ ಹಲ್ಲು ಕೊರೆದು ಕೂರಿಸಿದೆ, ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಖಾನೆಗೊಂದರಂತೆ ಮೂರು ಮುಚ್ಚಳ. ಅಷ್ಟು ಚಂದದ ಮರದ ಮೇಲೆ ಅದುವರೆಗೆ ನಾನು ಕೈಯಾಡಿಸಿರಲಿಲ್ಲ.

ತಲೆನೋವು ಶುರುವಾದದ್ದು ಅದರ ಮೇಲೆ ಏನು ಹಚ್ಚುವುದು ಅನ್ನುವಲ್ಲಿ. ಉಳಿದ ಚೂರುಗಳ ಮೇಲೆ ಒಂದೊಂದನ್ನೇ ಹಚ್ಚಿ ನೋಡಿದೆ. ಬೀಟೆಗೆ ಹಚ್ಚುವ ಬಣ್ಣ ಹಚ್ಚಿದರೆ ಮೈಯೆಲ್ಲ ಮಚ್ಚೆ ಮಚ್ಚೆಯಾಗಿ, ಚರ್ಮರೋಗ ಬಂದ ಹಾಗೆ ಕಂಡಿತು. ಅದನ್ನು ಬಿಟ್ಟೆ. ಅಗಸೆ ಎಣ್ಣೆ ಹಚ್ಚಿದ ಚೂರು ಜೇನಿನ ಬಣ್ಣಕ್ಕೆ ತಿರುಗಿತು, ನೋಡಿದರೆ ಕಣ್ಣು ತಂಪಾಗಬೇಕು. ಆದರೆ ಎರಡು ದಿನವಾದರೂ ಬೆರಳಿಗೆ ಅಂಟುವುದು ಬಿಡಲಿಲ್ಲ. ಹೆಂಡತಿ ದೂರದಿಂದಲೇ, "ಎಣ್ಣೆ ಮುಗ್ಗಿದ ವಾಸನೆ" ಅಂದಳು. ಅದೂ ಬೇಡವಾಯಿತು. ಜೇನುಮೇಣ ಹಚ್ಚಿದರೆ ಅದಕ್ಕೆ ಅದರದ್ದೇ ಘಮ, ಜೊತೆಗೆ ಕರಗಿಸಲು ಟರ್ಪೆಂಟೈನು ಬೇಕು.

ಕೊನೆಗೆ ಉಳಿದದ್ದು ಅರಗು. ಸ್ಪಿರಿಟ್ಟಿನಲ್ಲಿ ಅರಗಿನ ಹಳುಕು ನೆನೆಹಾಕಿ, ಸೋಸಿ, ಹಳೇ ಪಂಚೆಯ ಬಟ್ಟೆಯಲ್ಲಿ ಹತ್ತಿ ಕಟ್ಟಿ, ಆ ಗಂಟಿನಿಂದ ಕೈ ಎತ್ತದೆ ಉಜ್ಜುವ ಪಾಲಿಶ್. ಸ್ಪಿರಿಟ್ಟು ಗಾಳಿಗೆ ಹಾರಿಹೋಗುತ್ತದೆ, ಅರಗಿಗೆ ತನ್ನದೆಂಬ ವಾಸನೆ ಇಲ್ಲ. ಸರಿಯಾದ ತೀರ್ಮಾನ ಅದೇ ಆಗಿತ್ತು, ಇವತ್ತಿಗೂ ಅದನ್ನೇ ಹೇಳುತ್ತೇನೆ. ಪೆಟ್ಟಿಗೆಯ ಹೊರಮೈಗೆ ಮಾತ್ರ ಅರಗು, ಒಳಗೆ ಬರೀ ಮರ ಅಂತ ನಿಶ್ಚಯ ಮಾಡಿಕೊಂಡೆ.

ಬುಧವಾರ ಮಧ್ಯಾಹ್ನದ ಹೊತ್ತಿಗೆ ಏಳು ಕೈ ಮುಗಿದು ಹೊಳಪು ಏಳುತ್ತಿತ್ತು. ಸಂಜೆ ಗುಡುಗಿತು. ವರ್ಷದ ಮೊದಲ ಹೂಮಳೆ. ಊರೆಲ್ಲ ಕುಣಿದಾಡಿತು. ಕಾಫಿ ಹೂವಾಗಬೇಕಾದರೆ ಈ ಮಳೆ ಬೇಕು, ಅದಕ್ಕಾಗಿ ಜನ ಬಾನು ನೋಡುತ್ತಾ ಕೂತಿದ್ದರು. ನಾನೊಬ್ಬನೇ ಆ ಮಳೆಗೆ ಶಾಪ ಹಾಕಿದವನು. ಗಾಳಿಯಲ್ಲಿ ತೇವ ಏರಿ, ನೋಡನೋಡುತ್ತಿದ್ದ ಹಾಗೆ ಅರಗಿನ ಮೇಲೆ ಬಿಳಿ ಮಬ್ಬು ಕವಿಯಿತು. ಸ್ಪಿರಿಟ್ಟು ಹಚ್ಚಿ ಎಳೆದೆ. ಮಬ್ಬು ಹೋಯಿತು, ಮತ್ತೆ ಬಂತು. ಅಗ್ಗಿಷ್ಟಿಕೆಯಲ್ಲಿ ಕೆಂಡ ತಂದು ಹತ್ತಿರ ಹಿಡಿದೆ. ಒಂದು ಮೂಲೆಯಲ್ಲಿ ಗುಳ್ಳೆ ಎದ್ದಿತು. ಕೆಲಸ ಗೊತ್ತಿದ್ದವನು ಎರಡು ದಿನ ಕೈಕಟ್ಟಿ ಕೂರಬೇಕು, ಬಿಸಿಲು ಬಂದ ಮೇಲೆ ಮುಂದುವರಿಸಬೇಕು. ಆದರೆ ಶನಿವಾರ ಅಮ್ಮ ಬರುವವರು, ಮುಂದಿನ ಗುರುವಾರ ರುಚಿ ನೋಡುವ ದಿನ. ಮೋಡ ಕದಲುವ ಹಾಗೆ ಕಾಣಲಿಲ್ಲ. ತಾಳ್ಮೆ ಅನ್ನುವುದು ನನ್ನ ಜಾತಕದಲ್ಲೇ ಇಲ್ಲ.

ಗುರುವಾರ ಬೆಳಗ್ಗೆ ಅರಗನ್ನೆಲ್ಲ ಉಜ್ಜಿ ತೆಗೆದು, ಶೆಡ್ಡಿನಲ್ಲಿದ್ದ ಲ್ಯಾಕರ್ ಡಬ್ಬ ತೆರೆದೆ. ಥಿನ್ನರ್ ಬೆರೆಸಿ ಹಚ್ಚಿದರೆ ಗಂಟೆಯೊಳಗೆ ಒಣಗುವ ಮಾಲು, ತೇವಕ್ಕೂ ಅಷ್ಟಾಗಿ ಜಗ್ಗುವುದಿಲ್ಲ. ಎರಡು ಕೈಗೆ ಪೆಟ್ಟಿಗೆ ಕನ್ನಡಿಯಾಯಿತು.

ಸಂಜೆ ಮುಚ್ಚಳ ತೆಗೆದು ನೋಡಿದರೆ ಒಳಗಿನ ಬೋಳು ಮರ ನನ್ನನ್ನು ಅಣಕಿಸುವ ಹಾಗಿತ್ತು. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಒಳಗೆ ಪಾಲಿಶ್ ಮಾಡದ ಡ್ರಾಯರ್ ಕಂಡರೆ ಕಾಲಿನಿಂದ ಒದೆಯುತ್ತಿದ್ದರು. ಗಿರಾಕಿಗೆ ಕಾಣುವ ಕಡೆ ಮಾತ್ರ ಬಳಿಯುವವನು ಕಳ್ಳ ಅನ್ನುವುದು ಅವರ ಲೆಕ್ಕ. ಆ ಮಾತು ನನ್ನ ಕೈಗೆ ಹತ್ತಿಬಿಟ್ಟಿದೆ. ಗೋಡೆಗೆ ಆನಿಸಿಡುವ ಬೀರುವಿನ ಬೆನ್ನಿಗೂ ಒಂದು ಕೈ ಕೊಡದೆ ನಾನು ಕಳಿಸಿದವನಲ್ಲ. ಹಾಗಿರುವಾಗ ಇಷ್ಟು ಚಂದದ ಪೆಟ್ಟಿಗೆಯನ್ನು ಬೋಳಾಗಿ ಕೊಡುವುದೇ? ಕೈ ತಡೆಯಲಿಲ್ಲ. ಮೂರೂ ಖಾನೆಗೆ, ಮುಚ್ಚಳದ ಅಡಿಗೆ, ತೆಳ್ಳಗೆ ಒಂದೊಂದು ಕೈ ಲ್ಯಾಕರ್ ಎಳೆದೆ. ಅಮ್ಮ ಕೇಳಿರಲಿಲ್ಲ. ನನ್ನ ಕಡೆಯಿಂದ ಉಡುಗೊರೆ ಅಂತ ಹಚ್ಚಿದ್ದು.

ಶುಕ್ರವಾರವಿಡೀ ಮುಚ್ಚಳ ತೆಗೆದು ಗಾಳಿಗೆ ಇಟ್ಟಿದ್ದೆ. ಶನಿವಾರ ಬೆಳಗ್ಗೆ ಖಾನೆಯೊಳಗೆ ಮೂಗಿಟ್ಟು ನೋಡಿದೆ. ಏನೂ ಇಲ್ಲ, ಶುದ್ಧ. ಕಾಫಿ ಲೋಟ ತಂದ ಹೆಂಡತಿ ಬಗ್ಗಿ ನೋಡಿ ಮುಖ ಕಿವುಚಿದಳು.

"ಒಳಗೆ ಇನ್ನೂ ಹೊಡೀತದಲ್ರೀ."

"ನಿನಗೆ ಎಲ್ಲದರಲ್ಲೂ ವಾಸನೆ. ಹೋಗು ಒಳಗೆ."

ಅಮ್ಮ ಬಂದರು. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಅವರ ಮುಖ ಅರಳಿದ್ದು ನೋಡಿ ನನಗೆ ಎರಡು ಗೇಣು ಎತ್ತರವಾದ ಹಾಗಾಯಿತು. ಮುಚ್ಚಳ ತೆಗೆದವರು ಒಂದು ಗಳಿಗೆ ತಡೆದರು.

"ಥಿನ್ನರ್ ವಾಸನೆ ಅಲ್ವಾ ಇದು?"

"ಅದು ಶೆಡ್ಡಿನದು ಅಮ್ಮಾ. ಇಷ್ಟು ವರ್ಷದ ವಾಸನೆ ಗೋಡೆಗೇ ಹಿಡಿದಿದೆ. ಪೆಟ್ಟಿಗೆದಲ್ಲ."

ಅವರು ನಂಬಿದರು. ಪಾಲಿಶ್‌ನವನಿಗಿಂತ ಪಾಲಿಶ್ ವಾಸನೆ ಬಲ್ಲವರು ಯಾರು?

ಮುಂದಿನ ಶುಕ್ರವಾರ ಬೆಳಗ್ಗೆ ಬಾಗಿಲು ತೆರೆದ ಹೆಂಡತಿ ಅಲ್ಲಿಂದಲೇ ಕೂಗಿದಳು. "ಬನ್ರೀ ಇಲ್ಲಿ! ತೋಟ ನೋಡಿ! ಏನು ಘಮ, ಅಬ್ಬಬ್ಬ!"

ಮಳೆ ಬಿದ್ದು ಒಂಬತ್ತನೇ ದಿನ. ರಸ್ತೆಯಾಚೆಯ ತೋಟ ಹಿಡಿ ಹಿಡಿ ಅಕ್ಕಿ ಚೆಲ್ಲಿದಂತೆ ಬೆಳ್ಳಗಾಗಿತ್ತು. ಬಸ್ಸಿಗೆ ಹೋಗುತ್ತಿದ್ದವರೂ ನಿಂತು ಉಸಿರೆಳೆದುಕೊಳ್ಳುತ್ತಿದ್ದರು. ನಾನೂ ಎಳೆದುಕೊಂಡೆ. ತಣ್ಣನೆಯ ಗಾಳಿ ಬಂತು, ಅಷ್ಟೇ. ಬೇಲಿ ದಾಟಿ ಹೋಗಿ ಒಂದು ಗೊಂಚಲು ಮುರಿದು ಮೂಗಿಗೆ ಒತ್ತಿಕೊಂಡೆ. ಪರಾಗ ಮೂಗಿಗೆ ಹತ್ತಿತು. ವಾಸನೆ ಇಲ್ಲ.

ಆ ಚಳಿಗಾಲದಲ್ಲಿ ನಾನು ಪಕ್ಕದಲ್ಲೇ ಕೂತಿದ್ದಾಗ ಹಾಲು ಸೀದು ತಳ ಹಿಡಿದದ್ದು, ಹೆಂಡತಿ ಓಡಿ ಬಂದು ಬೈದದ್ದು, ಶೀತ ಆಗಿದೆ ಮಾರಾಯ್ತಿ ಅಂತ ನಾನು ಸಮಜಾಯಿಷಿ ಕೊಟ್ಟದ್ದು ಎಲ್ಲ ನೆನಪಾಯಿತು. ನನಗೆ ಗೊತ್ತಿರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಗೊತ್ತು ಮಾಡಿಕೊಳ್ಳಲು ಇಷ್ಟವಿರಲಿಲ್ಲ. ಶೆಡ್ಡಿಗೆ ಹೋಗಿ ಥಿನ್ನರ್ ಡಬ್ಬದ ಮುಚ್ಚಳ ತೆಗೆದು ಮೂಗಿಗೆ ಹಿಡಿದೆ. ಒಳಗೆ ಚುರ್ ಎಂದು ಉರಿಯಿತು, ಕಣ್ಣಲ್ಲಿ ನೀರು ಬಂತು. ವಾಸನೆ ಮಾತ್ರ ಇಲ್ಲ. ಇಪ್ಪತ್ತು ವರ್ಷ ಅದನ್ನೇ ಉಸಿರಾಡಿ ಮೂಗನ್ನು ಕೊಂದುಕೊಂಡಿದ್ದೆ.

ಆಗ ಪೆಟ್ಟಿಗೆ ನೆನಪಿಗೆ ಬಂತು.

ಸಿಕ್ಕಿದ ಬಸ್ಸು ಹತ್ತಿ ಚಿಕ್ಕಮಗಳೂರಿಗೆ ಹೋದೆ. ದಾರಿಯುದ್ದಕ್ಕೂ ಜನ ಕಿಟಕಿಯ ಗಾಜು ಸರಿಸಿಕೊಂಡು ಹೂವಿನ ಘಮದ ಮಾತಾಡುತ್ತಿದ್ದರು. ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸಿತು. ರುಚಿ ನೋಡುವವರ ಕೋಣೆ ಹುಡುಕಿಕೊಂಡು ಹೋದಾಗ ಅವರು ಬಟ್ಟಲು ಒರೆಸಿ ಜೋಡಿಸುತ್ತಿದ್ದರು. ನನ್ನ ಪೆಟ್ಟಿಗೆ ಕಿಟಕಿಯ ಕಟ್ಟೆಯ ಮೇಲಿತ್ತು. ಮೂರೂ ಮುಚ್ಚಳ ತೆಗೆದಿದ್ದರು.

"ನಿನ್ನೆಯೇ ಆಯ್ತಲ್ಲ" ಎಂದರು.

"ಏನಂತ ಬರೆದಿರಿ ಸಾರ್?"

"ಪೇಂಟಿನ ವಾಸನೆ ಅಂತ. ಮೂರರಲ್ಲೂ. ಒಂದು ಗುಟುಕು ಬಾಯಿಗೆ ಹಾಕಿದವರು ಉಗಿದು ಮುಂದಿನ ಬಟ್ಟಲಿಗೆ ಹೋದ್ರು. ಬೆಳೆಗಾರರ ಮನೆಗೆ ನಿನ್ನೆ ಸಂಜೆಯೇ ಫೋನ್ ಮಾಡಿ ಹೇಳಿದೀನಿ."

ನಾನು ಹೇಳಿದೆ. ಪೆಟ್ಟಿಗೆ ನಾನು ಮಾಡಿದ್ದು, ಒಳಗೆ ಲ್ಯಾಕರ್ ನಾನೇ ಹಚ್ಚಿದ್ದು, ಕಾಫಿಯ ತಪ್ಪಲ್ಲ, ಅಮ್ಮನ ತಪ್ಪಲ್ಲ. ಕೈಮುಗಿದೆ ಕೂಡ. ಆ ಮನುಷ್ಯ ಕೆಟ್ಟವರಲ್ಲ. ಪೆಟ್ಟಿಗೆಯನ್ನು ಮೂಗಿಗೆ ಹಿಡಿದು ನೋಡಿ ತಲೆಯಾಡಿಸಿದರು.

"ಇದೇ ಇರಬೇಕು. ಆದ್ರೆ ನೋಡಿ, ಬಂದದ್ದನ್ನ ತಾನೇ ನಾನು ಕುಡಿಯೋದು? ಈ ವಾಸನೆಯ ಅಡಿಯಲ್ಲಿ ಎಂಥ ಕಾಫಿ ಇತ್ತು ಅಂತ ನನಗೂ ಗೊತ್ತಾಗ್ಲಿಲ್ಲ. ಕೊಳ್ಳುವವರು ಬೆಳಗ್ಗೆ ಹೊರಟುಹೋದ್ರು. ಒಂದು ಕೆಲಸ ಮಾಡಿ. ಅದೇ ಕಾಫಿ ಬೇರೆ ತನ್ನಿ, ಒಂದರ್ಧ ಕೆಜಿ, ಬಟ್ಟೆ ಚೀಲದಲ್ಲಿ ತನ್ನಿ ಸಾಕು. ನಾನು ನೋಡಿ ಬೇರೆ ಬರೆದುಕೊಡ್ತೀನಿ. ಅವರಿಗೂ ಕಳಿಸ್ತೀನಿ."

ಹೋದ ಜೀವ ಬಂದ ಹಾಗಾಯಿತು. ಪೆಟ್ಟಿಗೆಯನ್ನು ಅಲ್ಲೇ ಬಿಟ್ಟೆ. ಮೂಡಿಗೆರೆಯ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು, ಕೊನೆಗೆ ಕೆಲಸದಾಳುಗಳನ್ನು ತುಂಬಿಕೊಂಡು ಹೊರಟಿದ್ದ ಜೀಪಿನ ಹಿಂದೆ ನೇತಾಡಿಕೊಂಡು ಬಾಳೂರು ಮುಟ್ಟಿದೆ. ಅರ್ಧ ಕೆಜಿ, ಅರ್ಧ ಕೆಜಿ ಅಂತ ದಾರಿಯುದ್ದಕ್ಕೂ ಜಪ ಮಾಡುತ್ತಿದ್ದೆ.

ಕಾಫಿ ಕಣದಲ್ಲಿ ಇಬ್ಬರು ಆಳುಗಳು ಕಸ ಗುಡಿಸುತ್ತಿದ್ದರು. ಗೋದಾಮಿನ ಬಾಗಿಲು ಹಾರುಹೊಡೆದಿತ್ತು. ಒಳಗೆ ಒಂದು ಮೂಟೆಯೂ ಇರಲಿಲ್ಲ. ಜಗಲಿಯ ಮೇಲೆ ಭಾವನವರು ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. ಅಮ್ಮ ಕಂಬಕ್ಕೆ ಒರಗಿ ನಿಂತಿದ್ದರು. ನಾನು ಉಸಿರು ಬಿಡದೆ ಎಲ್ಲ ಹೇಳಿದೆ. ಲ್ಯಾಕರ್ ಹಚ್ಚಿದ್ದು, ಬೇರೆ ಸ್ಯಾಂಪಲ್ ತಂದರೆ ನೋಡುತ್ತೇನೆ ಎಂದು ರುಚಿ ನೋಡುವವರು ಅಂದದ್ದು.

"ಪೆಟ್ಟಿಗೆದೇ ಇರ್ಲಿ ಮಾರಾಯ, ಯಾವುದಾದ್ರೂ ಇರ್ಲಿ" ಎಂದರು ಭಾವನವರು. ಸಿಟ್ಟಿನಿಂದಲ್ಲ, ಒಂದು ಕೆಲಸ ಮುಗಿದ ನೆಮ್ಮದಿಯಿಂದ. "ಪೇಂಟ್ ವಾಸನೆ ಅಂತ ಫೋನ್ ಬಂದ್ಮೇಲೆ ಇಟ್ಕೊಂಡು ಪೂಜೆ ಮಾಡ್ಲಾ? ಬೆಳಿಗ್ಗೆ ಲಾರಿ ತರ್ಸಿ ಮೂರನ್ನೂ ಒಟ್ಟಿಗೆ ತುಂಬ್ಸಿ ವ್ಯಾಪಾರಿಗೆ ಕಳ್ಸಿದೆ. ಅವನ ಗೋಡೌನಲ್ಲಿ ಇಷ್ಟೊತ್ತಿಗೆ ಹತ್ತು ಮನೆಯ ಮಾಲಿನ ಜೊತೆ ಸೇರಿರ್ತದೆ. ಎಲ್ಲಿಂದ ಹೆಕ್ತೀಯ ಅರ್ಧ ಕೆಜಿ?"

ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕಣದ ಕಸದಲ್ಲಾದರೂ ನಾಲ್ಕು ಕಾಳು ಇರಬಹುದೇ ಎಂದು ನೋಡಿದೆ. ಗುಡಿಸಿ ಆಗಿತ್ತು.

"ಮನೆ ಖರ್ಚಿಗೆ ಅಂತ ಒಂದು ಮುಷ್ಟಿ ಇತ್ತು" ಎಂದರು ಅಮ್ಮ. "ಅದನ್ನೂ ಈಗಷ್ಟೇ ಹುರಿದುಬಿಟ್ಟೆ. ಎಲ್ಲಿ ತಪ್ಪಿದೆ ಅಂತ ನೋಡ್ಬೇಕಿತ್ತಲ್ಲ. ಎರಡು ಸಲ ಕುಡಿದೆ, ಯಾವ ಪೇಂಟೂ ಸಿಗ್ಲಿಲ್ಲ. ನನ್ನ ಮೂಗೇ ಸರಿ ಇಲ್ಲ ಅಂದ್ಕೊಂಡೆ." ಮತ್ತೆ ಹೇಳಿದರು: "ಆವತ್ತು ಮನೇಲಿ ಪೆಟ್ಟಿಗೆ ತೆಗೆದಾಗ್ಲೂ ಸ್ವಲ್ಪ ಅನ್ನಿಸ್ತು. ನೀವು ಶೆಡ್ಡಿನದು ಅಂದಿದ್ರಲ್ಲ. ನನ್ನ ಸೀರೆಗೆ ಹತ್ತಿದೆ ಅಂದ್ಕೊಂಡು ಸೀರೆ ಒಗೆಯೋಕೆ ಹಾಕಿದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತನ್ನು ತಡೆದುಕೊಳ್ಳಲಾಗಲಿಲ್ಲ, ತಲೆ ತಗ್ಗಿಸಿದೆ.

ಅಮ್ಮ ಒಳಗೆ ಹೋಗಿ ಎರಡು ಲೋಟ ತಂದರು. ಹಾಲು ಹಾಕದ ಕಾಫಿ. ಒಂದನ್ನು ನನ್ನ ಮುಂದಿಟ್ಟರು. "ಉಳಿದದ್ದು ಇಷ್ಟೇ. ಭಾವ, ನೀವು ನನ್ನ ಮಾತು ನಂಬೋದಿಲ್ಲ. ಇವರು ಹೊರಗಿನವರು. ಇವರು ಕುಡಿದು ಹೇಳ್ಲಿ."

ಭಾವನವರು ನನ್ನನ್ನು ನೋಡಿದರು. ಎಲೆಯ ರಸ ಉಗಿದು ಬಂದು ಕೂತರು. "ಆಯ್ತು. ಇಷ್ಟು ದೂರ ಓಡಿ ಬಂದು ತಪ್ಪೊಪ್ಪಿಕೊಂಡಿದ್ದಾನೆ, ಸುಳ್ಳು ಹೇಳೋ ಗಿರಾಕಿ ಅಲ್ಲ. ಹೇಳು ಮಾರಾಯ. ಕಾಫಿ ಘಮ ಇದೆ ಅಂತ ನೀನಂದ್ರೆ ಇನ್ನೊಂದು ವರ್ಷ ಮಾಡ್ಲಿ ಅವಳು, ನಾನು ಅಡ್ಡ ಬರೋದಿಲ್ಲ."

ಲೋಟ ಎತ್ತಿದೆ. ಅಮ್ಮ ನನ್ನ ಬಾಯನ್ನೇ ನೋಡುತ್ತಿದ್ದರು. ಒಂದು ಗುಟುಕು ಕುಡಿದೆ, ಬಾಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದೆ. ದೇವರೇ, ಈ ಒಂದು ಸಲ ಅಂತ ಬೇಡಿಕೊಂಡೆ. ಇನ್ನೊಂದು ಗುಟುಕು ಕುಡಿದೆ. ಘಮ ಇದೆ ಅಂತ ಎರಡು ಮಾತು ಹೇಳಿದರೆ ಮುಗಿಯಿತು. ಹೇಳುವವನೇ ಇದ್ದೆ. ಆದರೆ ಇದೇ ಅಮ್ಮನಿಗೆ ವಾಸನೆಯ ವಿಷಯದಲ್ಲಿ ಒಮ್ಮೆ ಧೈರ್ಯವಾಗಿ ಹೇಳಿದ್ದೆನಲ್ಲ, ಅದು ಅಡ್ಡ ಬಂತು. ಗೊತ್ತಿಲ್ಲದ್ದನ್ನು ಗೊತ್ತು ಅಂತ ಇನ್ನೊಂದು ಸಲ ಹೇಳಲು ನಾಲಿಗೆ ಏಳಲಿಲ್ಲ.

"ಬಿಸಿ ಇದೆ ಅಮ್ಮಾ. ಕಹಿ ಇದೆ. ಅದಕ್ಕಿಂತ ಹೆಚ್ಚು ನನಗೆ ಗೊತ್ತಾಗ್ತಿಲ್ಲ. ನನ್ನ ಮೂಗು ಸತ್ತುಹೋಗಿದೆ. ಅದಕ್ಕೇ ಪೆಟ್ಟಿಗೆ ವಾಸನೆಯೂ ಗೊತ್ತಾಗ್ಲಿಲ್ಲ."

ಭಾವನವರು ಹೆಗಲ ಮೇಲಿನ ಟವಲು ಕೊಡವಿಕೊಂಡು ಎದ್ದರು. "ಸರಿ ಹಾಗಾದ್ರೆ" ಎಂದರು. ಗೋದಾಮಿನ ಬಾಗಿಲು ಹಾಕಿಸಿ, ಆಳುಗಳ ಜೊತೆ ತೋಟದ ಕಡೆ ಇಳಿದು ಹೋದರು.

ಅಮ್ಮ ಎದುರಿನ ಮೆಟ್ಟಿಲ ಮೇಲೆ ಕೂತರು. ಅಳುತ್ತಾರೇನೋ ಅಂತ ನನಗೆ ಭಯವಾಗಿತ್ತು. ಅಳಲಿಲ್ಲ. ತಮ್ಮ ಲೋಟವನ್ನು ಮೂಗಿನ ಹತ್ತಿರ ಬಹಳ ಹೊತ್ತು ಹಿಡಿದುಕೊಂಡಿದ್ದು ಆಮೇಲೆ ಸ್ವಲ್ಪ ಸ್ವಲ್ಪವಾಗಿ ಕುಡಿದರು.

"ಕಿತ್ತಳೆ ಸಿಪ್ಪೆ ಚಿವುಟಿದ್ರೆ ಬರ್ತದಲ್ಲ, ಆ ಘಮ" ಎಂದರು ಮೆಲ್ಲಗೆ. "ಅದು ಹೊಳೆ ಬದಿಯದ್ದು. ಆಮೇಲೆ ಬೆಲ್ಲದ್ದು, ಹೊಸ ಬೆಲ್ಲ. ಕುಡಿದ ಮೇಲೂ ಬಾಯಲ್ಲಿ ಉಳೀತದೆ." ನನ್ನ ಕಡೆ ತಿರುಗಿದರು. "ಲಾರೀಲಿ ಹೋದದ್ದು ಎಂಥ ಕಾಫಿ ಅಂತ ಇನ್ನೊಬ್ಬರಿಗಾದ್ರೂ ಗೊತ್ತಿರ್ಲಿ. ಅದಕ್ಕೆ ಹೇಳಿದೆ."

ನಾನು ತಲೆಯಾಡಿಸಿದೆ. ಲೋಟದಲ್ಲಿ ಉಳಿದದ್ದನ್ನು ಒಂದು ಹನಿ ಬಿಡದೆ ಕುಡಿದೆ. ಅಷ್ಟರಲ್ಲಿ ಬಿಸಿ ಆರಿತ್ತು, ಕಹಿ ಮಾತ್ರ ಇತ್ತು.